ಕರಿಹಾಲು ಒಡೆದ ಪ್ರಕರಣ

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಗಜೇಂದ್ರಗಡ ಠಾಣೆಯ ಮೆಟ್ಟಿಲನ್ನು ಗುರುಸಂಗಪ್ಪ ಹತ್ತಿದಾಗ ಅವರ ಕೈಯಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಅದನ್ನು ಪಿಎಸ್‌ಐ ಪೂಜಾ ಕುರಹಟ್ಟಿಯವರ ಮೇಜಿನ ಮೇಲಿಟ್ಟು, ಕುಳಿತುಕೊಳ್ಳುವ ಮೊದಲೇ ಮಾತು ತೆಗೆದರು.

“ನೋಡ್ರಿ ಮೇಡಂ. ಹಾಲು ಒಡದಂಗ ಒಡದೈತಿ.”

ಬಾಟಲಿಯಲ್ಲಿ ಇದ್ದದ್ದು ಹಾಲಲ್ಲ. ತಳದಲ್ಲಿ ಕಪ್ಪು ಗಸಿ, ಮೇಲೆ ಬೂದು ಬಣ್ಣದ ತಿಳಿನೀರು, ನಡುವೆ ತೇಲುವ ಕರಿ ಚೂರುಗಳು.

“ಏನ್ರಿ ಇದು?”

“ಕರಿಹಾಲು. ನಮ್ಮ ಕೆಲಸದವ್ರು ಹಂಗ ಕರೀತಾರ. ಕಾರ್ಬನ್ ಪುಡಿ ನೀರಾಗ ಕಲಸಿ ಮಾಡೂದು. ಗಾಳಿಯಂತ್ರದ ರೆಕ್ಕಿಗೆ ಬಳಿಯೂ ಬಣ್ಣದಾಗ ಹಾಕ್ತಾರ, ರೆಕ್ಕಿ ಮ್ಯಾಲಿನ ಕರೆಂಟ್ ಹರದು ಕೆಳಗ ಇಳೀಲಿ ಅಂತ. ಸಂಜಿಗೆ ಚಲೋ ಇರತೈತಿ. ಮುಂಜಾನೆ ಬಂದು ಮುಚ್ಚಳ ತಗದ್ರ ಹಿಂಗ. ಇದು ಮೂರನೇ ಸಲ.”

“ತಾನ ಕೆಟ್ಟಿರಬೇಕಲ್ರಿ?”

“ಡಿಸೆಂಬರದಾಗ ಮಾಡಿದ್ದು ಇನ್ನೂ ಮಸಿ ಇದ್ದಂಗ ಐತಿ. ತಾನ ಕೆಡಂಗಿಲ್ಲ. ಕೆಡಸ್ತಾರ.”

ಸೂಡಿ ರಸ್ತೆಯಲ್ಲಿ ಮೊದಲು ಅರಳೆ ಜಿನ್ನಿಂಗ್ ನಡೆಸುತ್ತಿದ್ದ ಶೆಡ್ಡಿನಲ್ಲೇ ಗುರುಸಂಗಪ್ಪ ಈ ಘಟಕ ಹಾಕಿದ್ದರು. ಶುಕ್ರವಾರ ಪುಣೆಯಿಂದ ಖರೀದಿದಾರರು ಬರುವವರಿದ್ದರು. ಅಂದು ತೋರಿಸಲು ಮಾಲಿಲ್ಲದಿದ್ದರೆ ಶೆಡ್ಡಿಗೆ ಬೀಗ ಎಂದರು.

“ಯಾರ ಮ್ಯಾಲರ ಸಂಶಯ?”

“ನಿಲೋಫರ. ನಮ್ಮ ಕೆಮಿಸ್ಟ್. ರೋಣದ ಹುಡುಗಿ. ಮೊದಲನೇ ಸಲ ಒಡದ ಮ್ಯಾಲೆ ರಜಾ ಹಾಕಿ ನರಗುಂದಕ್ಕ ಹೋಗಿದ್ಲು, ಬ್ಯಾಗಿನ್ಯಾಗ ನಮ್ಮ ಬಾಟ್ಲಿ ಇತ್ತು. ನೋಡಿದವ್ರು ಹೇಳ್ಯಾರ. ಇಲ್ಲಿ ಕೆಡಸೂದು, ಅಲ್ಲಿ ಯಾರಿಗೋ ಮಾಡಿ ಕೊಡೂದು. ಆಕಿನ್ನ ಒಳಗ ಹಾಕ್ರಿ, ತಾನ ಬಾಯಿ ಬಿಡ್ತಾಳ.”

ಹೆಡ್ ಕಾನ್‌ಸ್ಟೇಬಲ್ ಬಾಷಾಸಾಬ ದೂರು ಬರೆದುಕೊಂಡರು. ನಷ್ಟ ಉಂಟುಮಾಡಿದ ಹಾಗೂ ನಂಬಿಕೆದ್ರೋಹದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಪೂಜಾ ಅದನ್ನು ಎರಡು ಸಲ ಓದಿದರು. ‘ಆರೋಪಿ ನಿಲೋಫರ’ ಎಂದಿದ್ದಲ್ಲಿ ‘ಸಂಶಯಿತ ಆರೋಪಿ’ ಎಂದು ತಿದ್ದಿಸಿದರು. ತಿದ್ದಿಸಿದ್ದು ಸರಿಯೋ ಹೆಚ್ಚಾಯಿತೋ ಎಂದು ಜೀಪು ಹತ್ತುವವರೆಗೂ ಯೋಚಿಸಿದರು.

ಹನ್ನೆರಡು ಗಂಟೆಗೆ ಶೆಡ್ಡಿನಲ್ಲಿ ಪಂಚನಾಮೆ ಶುರುವಾಯಿತು. ರಸ್ತೆಬದಿಯ ಪಂಕ್ಚರ್ ಅಂಗಡಿಯ ಮೋದಿನಸಾಬ ಮತ್ತು ಎದುರಿನ ಚಹಾದಂಗಡಿಯವನು ಪಂಚರಾದರು. ಒಳಗೆ ಒಂದು ನೀರು ಶುದ್ಧ ಮಾಡುವ ಯಂತ್ರ, ಬಾಗಿಲು ಮುಚ್ಚಿದ ಪುಡಿ ಕೋಣೆ, ಗುಂಯ್‌ಗುಡುವ ಅಲ್ಟ್ರಾಸೌಂಡ್ ಯಂತ್ರ, ಮೂಲೆಯಲ್ಲಿ ಇಪ್ಪತ್ತು ಲೀಟರಿನ ಉಕ್ಕಿನ ಪಾತ್ರೆ. ಪಾತ್ರೆಯ ಪಕ್ಕದಲ್ಲಿ ನಿಲೋಫರ ನಿಂತಿದ್ದಳು. ಇಪ್ಪತ್ತೆಂಟರ ಹುಡುಗಿ. ಪೊಲೀಸರನ್ನು ಕಂಡು ಕೈಗವಸು ತೆಗೆಯಲು ಹೋದಳು. ಅರ್ಧ ಎಳೆದು ಹಾಗೇ ಬಿಟ್ಟಳು.

“ಹ್ಯಾಂಗ ಮಾಡ್ತೀರಿ ಇದನ್ನ, ನಮಗ ತಿಳಿಯೂವಂಗ ಹೇಳ್ರಿ,” ಎಂದರು ಪೂಜಾ.

“ಪುಡಿ ಅಂದ್ರ ಪುಡಿ ಅಲ್ರಿ ಅದು. ಸಣ್ಣ ಸಣ್ಣ ಕೊಳವಿ. ಕಣ್ಣಿಗೆ ಕಾಣಂಗಿಲ್ಲ. ಒಂದಕ್ಕೊಂದು ಸಿಕ್ಕಾಗಿರ್ತಾವು, ವಾರಗಟ್ಲೆ ಬಾಚದಿರೂ ಕೂದಲಾ ಇದ್ದಂಗ. ಬರೇ ನೀರಿಗೆ ಹಾಕಿದ್ರ ಗಂಟು ಗಂಟಾಗಿ ಮುಳಗ್ತಾವು. ಅದಕ್ಕ ಸರ್ಫ್ಯಾಕ್ಟಂಟ್ ಹಾಕ್ತೀವ್ರಿ, ಸಾಬಾಣದ ಜಾತಿದು. ಯಂತ್ರ ಸಿಕ್ಕು ಬಿಡಸ್ತೈತಿ, ಸಾಬಾಣ ಒಂದೊಂದು ಕೊಳವಿಗೂ ಸುತ್ತ ಹತ್ಕೊಂಡು ಮತ್ತ ಕೂಡಲಾರದಂಗ ದೂರ ದೂರ ದೂಡ್ತೈತಿ. ಹಂಗಾಗಿ ತಿಂಗಳಗಟ್ಲೆ ತೇಲಿಕೋತ ಇರ್ತಾವು.”

“ನಮ್ಮ ಠಾಣೆಗೂ ಒಂದ್ ಡಬ್ಬಿ ಕೊಡ್ರಿ ತಂಗಿ,” ಎಂದರು ಬಾಷಾಸಾಬ. “ಹೊಲದ ಜಗಳದವ್ರು ಒಬ್ಬರಿಗೊಬ್ಬರು ಸಿಕ್ಕಾಗಿ ಬರ್ತಾರ, ಬಿಡಸಾಕ ನಮಗ ಆಗವಲ್ತು.”

ನಿಲೋಫರ ನಗಲಿಲ್ಲ. ಪೂಜಾ ಕೇಳಿದರು, “ಫೆಬ್ರವರಿ ಒಂದನೇ ತಾರೀಖ ನರಗುಂದಕ್ಕ ಯಾಕ ಹೋಗಿದ್ರಿ?”

“ಗೆಳತಿನ್ನ ನೋಡಾಕ.”

“ಬ್ಯಾಗಿನ್ಯಾಗ ಬಾಟ್ಲಿ ಇತ್ತಂತ.”

“ಇರಲಿಲ್ರಿ.”

ಉತ್ತರ ಬಹಳ ಬೇಗ ಬಂತು. ಪೂಜಾ ಅದನ್ನು ಗುರುತಿಟ್ಟುಕೊಂಡರು.

ಶೆಡ್ಡಿನ ಕೀಲಿ ಮೂವರ ಬಳಿ ಇತ್ತು. ಗುರುಸಂಗಪ್ಪ, ನಿಲೋಫರ, ಮತ್ತು ಕಸಗುಡಿಸಿ ಚಹಾ ಮಾಡುವ ಹೊನ್ನವ್ವ. “ಹೊನ್ನವ್ವನ್ನ ಬಿಡ್ರಿ,” ಎಂದರು ಗುರುಸಂಗಪ್ಪ. “ಜಿನ್ನಿಂಗ್ ಇದ್ದಾಗಿಂದ ನಮ್ಮಲ್ಲೇ ಅದಾಳ. ಆಕಿ ಮಗಾನೂ ಇಲ್ಲೇ, ಪುಡಿ ಕೋಣ್ಯಾಗ.”

ಹಿತ್ತಲಿನಲ್ಲಿ ತಾಡಪಾಲಿನ ಮೇಲೆ ಕರಿ ರೊಟ್ಟಿಯಂಥ ಚಕ್ಕೆಗಳು ಬಿಸಿಲಿಗೆ ಒಣಗುತ್ತಿದ್ದವು. ಹೊನ್ನವ್ವ ಕುಕ್ಕರಗಾಲಿನಲ್ಲಿ ಕುಳಿತು ಅವನ್ನು ಗುಂಡುಕಲ್ಲಿನಿಂದ ಅರೆಯುತ್ತಿದ್ದಳು. ಮೂಗಿಗೆ ಟವೆಲು ಕಟ್ಟಿಕೊಂಡ ಮಗ ಮುತ್ತಣ್ಣ ಅದನ್ನು ಜರಡಿ ಹಿಡಿಯುತ್ತಿದ್ದ. ಗಾಳಿ ಬೀಸಿದಾಗಲೆಲ್ಲ ಕಪ್ಪು ಹೊಗೆ ಎದ್ದು ಇಬ್ಬರ ಮೈಮೇಲೂ ಇಳಿಯುತ್ತಿತ್ತು.

“ಪುಡಿ ಭಾಳ ತುಟ್ಟಿರಿ,” ಗುರುಸಂಗಪ್ಪ ವಿವರಿಸಿದರು. “ಒಡದದ್ದನ್ನ ಚೆಲ್ಲಂಗಿಲ್ಲ. ಒಣಗಿಸಿ, ಅರದು, ಮತ್ತ ಬಳಸ್ತೀವಿ.”

ಮುತ್ತಣ್ಣ ಕೆಮ್ಮುತ್ತ ಗೋಡೆಯ ಆಚೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಾಯಿ ಒರೆಸಿಕೊಳ್ಳುತ್ತ ಬಂದ. ಪೂಜಾ ಅವನತ್ತ ನೋಡಿದರು.

“ಮೆಣಸಿನಕಾಯಿ ಖಾರ ಗಂಟಲಿಗೆ ಹತ್ತೇತ್ರಿ,” ಎಂದು ನಕ್ಕ.

ಹೊನ್ನವ್ವ ಮಗನ ಕಡೆ ಒಮ್ಮೆ ನೋಡಿ ಮತ್ತೆ ಕಲ್ಲು ಉರುಳಿಸಿದಳು. ಪಂಚನಾಮೆಯಲ್ಲಿ ಪೂಜಾ ‘ಹಿತ್ತಲಿನಲ್ಲಿ ಒಣಗಿಸುವ ಕೆಲಸ ನಡೆದಿತ್ತು’ ಎಂದಷ್ಟೇ ಬರೆಸಿದರು. ಒಡೆದ ದ್ರಾವಣದ ಎರಡು ಮಾದರಿಗಳನ್ನು ಅರಗಿನಿಂದ ಮುದ್ರೆ ಹಾಕಿ ಜಪ್ತಿ ಮಾಡಿದರು.

ಮಧ್ಯಾಹ್ನ ರೋಣದಿಂದ ವೃತ್ತ ನಿರೀಕ್ಷಕರ ಫೋನು ಬಂತು. “ದೂರಿನ್ಯಾಗ ಹೆಸರು ಐತಿ, ಕಾರಣ ಐತಿ. ಇನ್ನೇನ ಬೇಕು?”

“ಹ್ಯಾಂಗ ಕೆಡಿಸ್ಯಾರ ಅನ್ನೂದು ಗೊತ್ತಾಗಿಲ್ರಿ ಸರ್.”

“ಗುರುವಾರದೊಳಗ ಗೊತ್ತ ಮಾಡ್ಕೊ.”

ಸಂಜೆ ಪೂಜಾ ಮತ್ತು ಬಾಷಾಸಾಬ ರೋಣಕ್ಕೆ ಹೋದರು. ನಿಲೋಫರಳ ಮನೆ ಮುಂದೆ ತಂದೆ ಇಮಾಮಸಾಬ ತಿದಿ ಒತ್ತುತ್ತ ಒಂದು ಹಿತ್ತಾಳೆ ಹಂಡೆಗೆ ಕಲಾಯಿ ಮಾಡುತ್ತಿದ್ದರು. ಜೀಪು ನಿಂತ ಕೂಡಲೇ ಎದುರುಮನೆಯ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಇಮಾಮಸಾಬರು ಹಂಡೆಯನ್ನು ಇಕ್ಕುಳದಿಂದ ಇಳಿಸಿದರು. ಒಳಗಿನ ತವರ ಅರ್ಧಕ್ಕೇ ನಿಂತಿತ್ತು.

“ಬರ್ರಿ ಮೇಡಂ, ಒಳಗ ಬರ್ರಿ. ಹೊರಗ ನಿಂದರಬ್ಯಾಡ್ರಿ,” ಎಂದರು. ಅದು ಉಪಚಾರದ ಮಾತಾಗಿರಲಿಲ್ಲ, ಬೇಡಿಕೆಯಾಗಿತ್ತು.

ಒಳಗೆ ನಿಲೋಫರ ಗೋಡೆಗೆ ಆನಿಕೊಂಡು ಕುಳಿತಿದ್ದಳು. ತಾಯಿ ಬದರುನ್ನಿಸಾ ತಂದಿಟ್ಟ ರೊಟ್ಟಿ ಮುಟ್ಟದೆ ಹಾಗೇ ಇತ್ತು.

“ಬಾಟ್ಲಿ ಇತ್ತು,” ಎಂದಳು ಕೇಳುವ ಮೊದಲೇ. “ಮುಂಜಾನೆ ಸುಳ್ಳ ಹೇಳಿದೆ. ಮೊದಲನೇ ಸಲ ಒಡದದ್ದನ್ನ ತಗೊಂಡ ಹೋಗಿದ್ನಿ. ನರಗುಂದದ ಕಾಲೇಜಿನ್ಯಾಗ ಜಬೀನ ಅಂತ ನನ್ನ ಗೆಳತಿ, ಕೆಮಿಸ್ಟ್ರಿ ಕಲಸ್ತಾಳ. ಪರೀಕ್ಷಾ ಮಾಡಿಸಿದೆ.”

“ಮುಂಜಾನೆನ ಯಾಕ ಹೇಳಲಿಲ್ಲ?”

“ಒಂದು ಹನಿನೂ ಹೊರಗ ಒಯ್ಯಂಗಿಲ್ಲ ಅಂತ ಸಹಿ ಮಾಡೀನ್ರಿ. ಒಯ್ದೆ ಅಂತ ಗೊತ್ತಾದ್ರ ಅಷ್ಟಕ್ಕ ತಗದ ಹಾಕ್ತಾರ. ಕಳ್ಳಿ ಅಂತ ಒಮ್ಮೆ ಹೆಸರು ಬಂದ್ರ ಯಾವ ಲ್ಯಾಬಿನ ಬಾಗಲಾನೂ ನನಗ ತೆರಿಯಂಗಿಲ್ಲ.”

“ಪರೀಕ್ಷಾದಾಗ ಏನ ಬಂತು?”

“ಉಪ್ಪು.”

“ಅಡಗಿ ಉಪ್ಪು?”

“ಹೌದ್ರಿ. ಉಪ್ಪು ಬಿತ್ತಂದ್ರ ಕೊಳವಿಗಳು ಒಂದನ್ನೊಂದು ದೂಡೂದು ನಿಲ್ತೈತಿ. ಮತ್ತ ಸಿಕ್ಕಾಗಿ ತಳಕ್ಕ ಕೂಡ್ತಾವು. ನಾ ನೀರಿನ ಯಂತ್ರದ ಮ್ಯಾಲೆ ಸಂಶಯಪಟ್ಟೆ. ಫಿಲ್ಟರ್ ಬದಲಿ ಮಾಡಿದೆ, ದಿನಾ ನೀರು ಅಳದೆ. ನೀರು ಸ್ವಚ್ಛ ಐತಿ. ಆದ್ರೂ ಮತ್ತ ಎರಡು ಸಲ ಒಡೀತು.”

ಪೂಜಾ ಅವಳತ್ತ ಬಾಗಿದರು. “ನೀವು ಹೇಳಿದ್ದು ನಿಮಗ ತಿರಗತೈತಿ, ಗೊತ್ತಲ್ಲ? ಆ ಶೆಡ್ಡಿನ್ಯಾಗ ಉಪ್ಪಿನಿಂದ ಒಡೀತೈತಿ ಅಂತ ಗೊತ್ತಿದ್ದಾಕಿ ನೀವೊಬ್ಬಾಕಿನ.”

ನಿಲೋಫರ ತಲೆಯಾಡಿಸಿದಳು. ಬದರುನ್ನಿಸಾ ಸೆರಗು ಬಾಯಿಗೆ ಒತ್ತಿಕೊಂಡರು. ಹೊರಗೆ ತಿದಿಯ ಸದ್ದು ನಿಂತೇ ಇತ್ತು.

ಬುಧವಾರ ಬೆಳಿಗ್ಗೆ ನರಗುಂದ. ದಾರಿಯುದ್ದಕ್ಕೂ ಪೂಜಾ ಅದನ್ನೇ ತೂಗಿ ನೋಡಿದರು. ನಿಲೋಫರ ಸುಳ್ಳು ಹೇಳಿದ್ದಳು, ಆಮೇಲೆ ನಿಜ ಹೇಳಿದ್ದಳು. ಎರಡನೆಯದೂ ಸುಳ್ಳಾಗಿದ್ದರೆ? ಅಪ್ಪನ ಮುಖ ನೋಡಿ ತಾನು ಮೆತ್ತಗಾದೆನೋ ಏನೋ ಎಂಬ ಅಳುಕು ಅವರನ್ನು ಬಿಡಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಜಬೀನ ಮುದ್ರೆ ಒಡೆದು, ಜಪ್ತಿ ಮಾಡಿದ್ದ ಮೂರನೇ ಸಲದ ಮಾದರಿಗಳಲ್ಲಿ ಒಂದನ್ನು ಕಾಗದದ ಮೇಲೆ ಸೋಸಿದಳು. ಕಪ್ಪು ಗಸಿ ಮೇಲೆ ಉಳಿದು ತಿಳಿನೀರು ಕೆಳಗಿಳಿಯಿತು. ಅದಕ್ಕೆ ಸಿಲ್ವರ್ ನೈಟ್ರೇಟಿನ ನಾಲ್ಕು ಹನಿ ಬಿಟ್ಟಳು. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು.

“ಉಪ್ಪು. ಇದರಾಗ ಮೊದಲಿನದಕ್ಕಿಂತ ಜಾಸ್ತಿ ಐತ್ರಿ.”

“ಮೊದಲಿಂದು ಇನ್ನೂ ಐತೇನು?”

ಜಬೀನ ಕಪಾಟಿನಿಂದ ಒಂದು ಗಾಜಿನ ತಟ್ಟೆ ತಂದಳು. ಒಣಗಿದ ಕರಿ ಕಾಗದದ ನಡುವೆ ಎರಡು ಸಣ್ಣ ಗುಂಡನೆಯ ಕಾಳು ಅಂಟಿದ್ದವು.

“ಇವೇನು?”

“ಸಾಸಿವಿ ಇದ್ದಂಗ ಅದಾವ್ರಿ. ನಿಲೋಫರನ ಊಟದ ಡಬ್ಬಿದಾಗಿಂದು ಬಿದ್ದಾವಂತ ತಿಳಿದಿದ್ನಿ.”

ಬಾಷಾಸಾಬ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಆಮೇಲೆ ನಿಧಾನ ನೆಟ್ಟಗಾದರು.

“ಮೇಡಂ, ಉಪ್ಪಿನ ಜೋಡಿ ಸಾಸಿವಿ ಯಾವಾಗ ಬರ್ತೈತ್ರಿ? ಒಗ್ಗರಣಿಗಲ್ಲ. ದೃಷ್ಟಿ ತಗಿಯಾಕ.”

ಪೂಜಾ ಆ ತಟ್ಟೆಯನ್ನೂ ಈಗಷ್ಟೇ ಸೋಸಿದ ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮೊದಲನೆಯದರಲ್ಲಿ ಉಪ್ಪೂ ಇತ್ತು, ಸಾಸಿವೆಯೂ ಇತ್ತು. ಮೂರನೆಯದರಲ್ಲಿ ಬರೀ ಉಪ್ಪು, ಅದೂ ಹೆಚ್ಚು.

“ಅಂದ್ರ ಮೊದಲನೇದು ಕೆಡಸಾಕ ಹಾಕಿದ್ದಲ್ಲ,” ಎಂದರು. “ದೃಷ್ಟಿ ತಗದು ನೀರಂತ ಅದರಾಗ ಹಾಕ್ಯಾರ. ಅದು ಒಡದದ್ದನ್ನ ನೋಡಿ, ಆಮೇಲೆ ಬೇಕಂತ ಹಾಕ್ಯಾರ.”

“ಮೊದಲನೇದು ಯಾವತ್ತು ಒಡೀತ್ರಿ?” ಎಂದು ಬಾಷಾಸಾಬ ಕೇಳಿದರು.

ಪೂಜಾ ದೂರಿನ ಪ್ರತಿ ತಿರುವಿದರು. “ಜನವರಿ ಮೂವತ್ತು ಮುಂಜಾನೆ. ಹಿಂದಿನ ದಿನ ಅವರಾತ್ರಿ ಅಮಾಸಿ.”

ಈ ಸುದ್ದಿಯನ್ನು ಫೋನಿನಲ್ಲಿ ಕೇಳಿದ ಗುರುಸಂಗಪ್ಪನಿಗೆ ಇನ್ನಷ್ಟು ಖಾತ್ರಿಯಾಯಿತು. “ನಾ ಹೇಳಿಲ್ರಿ? ಅವ್ರವ್ವ ಮಗಳಿಗೆ ದಿನಾ ನಜರ್ ತಗೀತಾಳ. ಆ ಹುಡುಗಿನ ನಮ್ಮ ಮುಂದ ಹೇಳಿ ನಕ್ಕಾಳ.”

ಮಧ್ಯಾಹ್ನ ಮತ್ತೆ ರೋಣ. ಈ ಸಲ ಇಮಾಮಸಾಬರು ಕುಲುಮೆ ಹಚ್ಚಿರಲೇ ಇಲ್ಲ. ಹಂಡೆ ನಿನ್ನೆಯಂತೆಯೇ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಬಿದ್ದಿತ್ತು.

“ನಜರ್ ತಗೀತೀನ್ರಿ,” ಎಂದರು ಬದರುನ್ನಿಸಾ. “ಮಗಳು ಹೊರಗ ದುಡೀತಾಳ, ತಗಿಯದ ಬಿಡ್ತೀನೇನು? ಉಪ್ಪು, ಸಾಸಿವಿ, ಒಣಮೆಣಸಿನಕಾಯಿ.”

“ಆಮ್ಯಾಲೆ ಎಲ್ಲಿ ಹಾಕ್ತೀರಿ?”

“ಒಲಿಯಾಗ. ಇನ್ನೆಲ್ಲಿ?”

“ನೀರಾಗ ಹಾಕಂಗಿಲ್ಲೇನು?”

“ನೀರಾಗ ಹಾಕಿದ್ರ ಹ್ಯಾಂಗ ತಿಳೀಬೇಕ್ರಿ? ಒಲಿಯಾಗ ಹಾಕಿದ್ರ ಚಟಚಟ ಅಂತಾವು, ಘಾಟು ಬರಲಿಲ್ಲಂದ್ರ ನಜರ್ ಆಗಿತ್ತಂತ ಗೊತ್ತಾಕ್ಕೈತಿ. ನೀರಾಗ ಕರಗಸಾವ್ರು ಬ್ಯಾರೆ ಮಂದಿ.” ಅವರು ಪೂಜಾರ ಕೈ ಹಿಡಿದರು. “ನನ್ನ ಒಲಿ ಬೂದಿ ನೋಡ್ರಿ ಬೇಕಾದ್ರ. ನನ್ನ ಮಗಳನ್ನ ಠಾಣೆಗೆ ಒಯ್ಯಬ್ಯಾಡ್ರಿ ಯವ್ವಾ. ಒಮ್ಮೆ ಒಯ್ದ್ರ ಆಮ್ಯಾಲೆ ನೀವು ಬಿಟ್ರೂ ಊರು ಬಿಡಂಗಿಲ್ಲ.”

ಪೂಜಾ ಕೈ ಬಿಡಿಸಿಕೊಳ್ಳಲಿಲ್ಲ.  ಒಲೆಯ ಬೂದಿಯನ್ನು ನಿಜವಾಗಿಯೂ ನೋಡಿದರು. ಅದರಲ್ಲಿ ಸುಟ್ಟ ಮೆಣಸಿನಕಾಯಿಯ ತೊಟ್ಟುಗಳಿದ್ದವು.

ಅಷ್ಟರಲ್ಲಿ ಶೆಡ್ಡಿನಲ್ಲಿ, ಶುಕ್ರವಾರದ ಮಾಲು ಮಾಡಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ, ನಿಲೋಫರಳೇ ನಾಲ್ಕನೇ ಸಲದ ಕರಿಹಾಲು ಮಾಡಿದ್ದಳು. ಸಂಜೆ ಐದಕ್ಕೆ ಪೂಜಾ ಹೋಗಿ ಪಾತ್ರೆಯ ಮುಚ್ಚಳಕ್ಕೆ ಸುತ್ತ ಬಟ್ಟೆ ಬಿಗಿದು ಅರಗಿನ ಮುದ್ರೆ ಹಾಕಿಸಿದರು. ಹೊನ್ನವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಅರಗು ಆರುವವರೆಗೂ ಅಲ್ಲಿಂದ ಕದಲಲಿಲ್ಲ.

ಫೆಬ್ರವರಿ 13, ಗುರುವಾರ. ಬೆಳಿಗ್ಗೆ ಮುದ್ರೆ ಒಡೆದಾಗ ದ್ರಾವಣ ಹಾಗೇ ಇತ್ತು, ಕನ್ನಡಿಯಂತೆ ಕಪ್ಪಗೆ. ನಿಲೋಫರ ಗಾಜಿನ ಕಡ್ಡಿ ಅದ್ದಿ ಎತ್ತಿದಳು. ಒಂದು ಚೂರೂ ಇರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

“ಮುದ್ರಿ ಇತ್ತು, ಅದಕ್ಕ ಕೈ ಹಾಕಿಲ್ಲ ಆಕಿ,” ಎಂದರು ಗುರುಸಂಗಪ್ಪ. “ಇನ್ನೇನ ಸಾಕ್ಷಿ ಬೇಕ್ರಿ?”

ಪೂಜಾ ಚಹಾ ಮಾಡುವ ಮೂಲೆಗೆ ಹೋದರು. ಸಕ್ಕರೆ ಡಬ್ಬಿ, ಚಹಾಪುಡಿ, ಒಣಗಿದ ಶುಂಠಿ. ಅವುಗಳ ಹಿಂದೆ ಹಳೆಯ ಎಣ್ಣೆಯ ಡಬ್ಬಿಯೊಂದು ಬಟ್ಟೆ ಮುಚ್ಚಿಕೊಂಡು ನಿಂತಿತ್ತು. ಒಳಗೆ ಹರಳುಪ್ಪು, ಹೆಚ್ಚುಕಡಿಮೆ ಅರ್ಧ ಕಿಲೋ. ತಳದಲ್ಲಿ ಒಂದಿಷ್ಟು ಸಾಸಿವೆ.

“ಹೊನ್ನವ್ವ.”

“ಯವ್ವಾ.”

“ಚಹಾಕ್ಕ ಉಪ್ಪು ಹಾಕ್ತಿಯೇನು?”

ಹೊನ್ನವ್ವ ಡಬ್ಬಿಯ ಕಡೆ ನೋಡಿದಳು. ಆಮೇಲೆ ನಿಲೋಫರಳ ಕಡೆ. ಸುಕ್ಕುಗಟ್ಟಿದ ಅವಳ ಅಂಗೈಗೆರೆಗಳಲ್ಲಿ ಪುಡಿ ಕೂತು, ಕೈಯ ತುಂಬ ಕರಿ ಗೆರೆಗಳಿದ್ದವು.

“ನಾನ ಹಾಕೀನ್ರಿ,” ಎಂದಳು. “ಆ ಕೂಸಿಂದೇನೂ ಇಲ್ಲ.”

ಗುರುಸಂಗಪ್ಪ ಕುರ್ಚಿ ಹಿಡಿದು ನಿಂತರು. “ನೀನೇನ ಹೊನ್ನಿ? ನನ್ನ ಅನ್ನಾ ಉಂಡು?”

“ನಿಮ್ಮ ಅನ್ನಾ ಅಲ್ಲ, ನನ್ನ ರಟ್ಟಿದು ಉಂಡೀನಿ.”

ಪೂಜಾ ಗುರುಸಂಗಪ್ಪನನ್ನು ಹೊರಗೆ ಕಳಿಸಿದರು. “ಮೊದಲಿನಿಂದ ಹೇಳು.”

“ಅಮಾಸಿ ಸಂಜಿಮುಂದ ಮಗಂಗ ದೃಷ್ಟಿ ತಗದೆ. ಉಪ್ಪು ಕರಗಿದಂಗ ದೃಷ್ಟಿ ಕರಗಲಿ ಅಂತ ನೀರಾಗ ಬಿಡೂದು ನಮ್ಮ ಪದ್ಧತಿ. ಬಕೇಟಿನ್ಯಾಗ ನೀರಿರಲಿಲ್ಲ. ಈ ಪಾತ್ರ್ಯಾಗ ಬಿಟ್ಟೆ. ಮಗ ಇದರಾಗಿಂದನ ಕರ್ರಗಾಗಿ ಬರ್ತಾನ, ದೃಷ್ಟಿ ಇದರಾಗನ ಹೋಗಲಿ ಅಂತ. ಮುಂಜಾನೆ ಒಡದಿತ್ತು.”

“ಆಮ್ಯಾಲೆ ಎರಡು ಸಲ?”

“ಬೇಕಂತ ಹಾಕೀನಿ. ಮುಷ್ಟಿ ಮುಷ್ಟಿ.”

“ಯಾಕ?”

ಹೊನ್ನವ್ವ ಸೆರಗಿನ ತುದಿಗೆ ಅಂಗೈ ಒರೆಸಿಕೊಂಡಳು.

“ಯಾರರ ಹೇಳಿ ಹಾಕ್ಸ್ಯಾರೇನು?”

“ಇಲ್ರಿ.”

“ಸಾವಕಾರನ ಮ್ಯಾಲೆ ಸಿಟ್ಟು?”

“ಇಲ್ರಿ.”

“ಮತ್ಯಾಕ?”

“ಆಣಿ ಐತ್ರಿ. ಹೇಳಂಗಿಲ್ಲ.”

“ಯಾರದು ಆಣಿ?”

 ಪುಡಿ ಕೋಣೆಯ ಬಾಗಿಲು ತೆರೆದು ಮುತ್ತಣ್ಣ ಹೊರಗೆ ಬಂದ. ರೆಪ್ಪೆಯ ಮೇಲೂ ಕಪ್ಪು ಕೂತಿತ್ತು. “ಯವ್ವಾ, ಏನ ಮಾತಾಡಾಕ ಹತ್ತಿ?” ಎಂದು ಕೇಳಿದ. ತಾಯಿ ಅವನತ್ತ ತಿರುಗಲೇ ಇಲ್ಲ. ಉಪ್ಪಿನ ಡಬ್ಬಿಯ ಜಪ್ತಿ ಪಂಚನಾಮೆಗೆ ಮೋದಿನಸಾಬ ಸಹಿ ಹಾಕುವಾಗ, “ಅರ್ಧ ಕಿಲೋ ಉಪ್ಪಿಗೆ ಇಷ್ಟು ದೊಡ್ಡ ಕಾಗದ ನಾ ನೋಡಿದ್ದ ಇಲ್ರಿ,” ಎಂದ. 

ಹೊನ್ನವ್ವನನ್ನು ಠಾಣೆಗೆ ಕರೆತಂದಾಗ ಒಂದು ಗಂಟೆ ದಾಟಿತ್ತು. ಹೆಂಗಸಾದ್ದರಿಂದ ಸೂರ್ಯ ಮುಳುಗುವ ಮುನ್ನ ದಸ್ತಗಿರಿಯ ಕಾಗದಗಳು ಮುಗಿಯಬೇಕಿತ್ತು. ಪೂಜಾ ಎಲ್ಲ ಕಾಲಂ ತುಂಬಿದರು. ಕೃತ್ಯದ ಉದ್ದೇಶ ಬರೆಯುವಲ್ಲಿ ಪೆನ್ನು ನಿಂತಿತು. ಉದ್ದೇಶ ತಿಳಿಯದೆಯೂ ಪ್ರಕರಣ ನಿಲ್ಲುತ್ತದೆ ಎಂದು ಬಾಷಾಸಾಬ ಹೇಳಿದರು. ಅದು ಪೂಜಾರಿಗೂ ಗೊತ್ತಿತ್ತು. ಆದರೂ ಜಾಗ ಖಾಲಿ ಬಿಟ್ಟರು.

ನಾಲ್ಕೂವರೆಗೆ ಮುತ್ತಣ್ಣ ಬಂದ. ಮುಖ ತೊಳೆದಿದ್ದ. ಅಂಗಿಯ ಒಳಗಿನಿಂದ ಒಂದು ದೊಡ್ಡ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಎದೆಯ ಎಕ್ಸ್‌ರೇ.

“ಡಿಸೆಂಬರದಾಗ ಗದಗಿನ ದವಾಖಾನ್ಯಾಗ ತಗಿಸಿದ್ದು. ಎದಿಯಾಗ ಕಲೆ ಅದಾವಂತ. ಡಾಕ್ಟರ್ ಕೇಳಿದ್ರು, ಏನ ಕೆಲಸ ಮಾಡ್ತಿ ಅಂತ. ಹೊಲದ ಕೆಲಸ ಅಂತ ಹೇಳಿದೆ.”

“ಖರೇ ಯಾಕ ಹೇಳಲಿಲ್ಲ?”

“ಅಬ್ಬಿಗೇರಿಯೊಳಗ ಹೆಣ್ಣು ಗೊತ್ತ ಮಾಡ್ಯಾರ್ರಿ. ಯುಗಾದಿ ಆದ ಮ್ಯಾಲೆ ಲಗ್ನ. ಎದಿ ಬ್ಯಾನಿ ಅಂತ ಸುದ್ದಿ ಆದ್ರ ಟಿ.ಬಿ. ಅಂತಾರ, ಹೆಣ್ಣ ಕೊಡಂಗಿಲ್ಲ. ಸಾವಕಾರ್ರಿಗೆ ಗೊತ್ತಾದ್ರ ಕೆಲಸಾನೂ ಹೋಕ್ಕೈತಿ.” ಅವನು ಕೆಮ್ಮಿದ. ಕೆಮ್ಮು ನಿಲ್ಲುವವರೆಗೂ ಬಾಷಾಸಾಬ ನೀರಿನ ಲೋಟ ಹಿಡಿದು ನಿಂತಿದ್ದರು. “ಕೆಮ್ಮಿದಾಗ ಬಿದ್ದ ರಕ್ತಾ ಅವ್ವ ನೋಡಿದ್ಲು. ಅವತ್ತ ಆಕಿ ಕೈ ನನ್ನ ತಲಿ ಮ್ಯಾಲೆ ಇಟಗೊಂಡು ಆಣಿ ಮಾಡಿಸಿದೆ. ಯಾರ ಮುಂದನೂ ಹೇಳಂಗಿಲ್ಲ, ಹೇಳಿದ್ರ ನನ್ನ ಹೆಣಾ ನೋಡ್ತಿ ಅಂತ.”

“ಕೆಲಸ ಬಿಡು ಅನ್ನಲಿಲ್ಲೇನು?”

“ದಿನಾ ಅಂತಿದ್ಲು. ನಾ ಕೇಳಲಿಲ್ಲ. ಮೊದಲನೇ ಸಲ ಒಡದಾಗ ನಾಕು ದಿನ ಎಲ್ಲಾ ಬಂದ್ ಇತ್ತು. ನನಗ ಕೆಮ್ಮು ಕಡಿಮಿ ಆತು. ಒಂದು ರಾತ್ರಿ ಪೂರಾ ನಿದ್ದಿ ಮಾಡಿದೆ. ಅವ್ವ ಬಾಜೂಕ ಕುಂತ ನೋಡಿದ್ಲಂತ.”

ಪೂಜಾರಿಗೆ ಇನ್ನು ಕೇಳುವುದು ಉಳಿದಿರಲಿಲ್ಲ. ಆ ನಾಲ್ಕು ದಿನಗಳನ್ನು ಮರಳಿ ತರಲು ಹೊನ್ನವ್ವನಿಗೆ ತಿಳಿದಿದ್ದ ದಾರಿ ಒಂದೇ ಆಗಿತ್ತು.

ಹೇಳಿಕೆ ಕೊಡಲು ಬಂದಿದ್ದ ನಿಲೋಫರ ಪಡಸಾಲೆಯ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿದ್ದಳು. ಪೂಜಾ ಹೊರ ಬಂದಾಗ ಎದ್ದು ನಿಂತಳು. ಅವಳ ಹೆಸರು ಪ್ರಕರಣದಿಂದ ಬಿಟ್ಟುಹೋಗುತ್ತದೆ ಎಂದು ಪೂಜಾ ಹೇಳಿದರು. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

“ಮೇಡಂ, ಪುಡಿ ನೀರಾಗ ಇದ್ದಷ್ಟು ಹೊತ್ತು ಹಾರಂಗಿಲ್ರಿ. ಸಾಬಾಣ ಅದನ್ನ ಹಿಡದ ಇಟ್ಟಿರತೈತಿ. ಅಂವಂಗ ಅಪಾಯ ಇದ್ರ ಅದು ಒಣಾ ಪುಡಿದು.”

“ಅಂದ್ರ?”

“ಚಲೋ ಇದ್ದ ಹಾಲು ಡಬ್ಬಿ ಸೇರಿ ಪುಣೆಗೆ ಹೋಕ್ಕಿತ್ತು. ಒಡದದ್ದನ್ನ ಹಿತ್ತಲದಾಗ ಒಣಗಿಸಿ ಅರದ್ರು. ಒಡದ ಒಂದೊಂದು ಸಲಕ್ಕೂ ಆ ಪುಡಿ ಎರಡೆರಡು ಸಲ ಗಾಳಿಗೆ ಎದ್ದೈತಿ. ಒಮ್ಮೆ ಅರಿಯೂ ಮುಂದ, ಒಮ್ಮೆ ಹೊಸಾದು ತೂಗೂ ಮುಂದ.” ಅವಳ ದನಿ ಇಳಿಯಿತು. “ಹಿತ್ತಲದಾಗ ಅರಿಯಬ್ಯಾಡ್ರಿ ಅಂತ ನಾ ಒಂದ ಸಲ ಹೇಳಿದ್ನಿ. ಎರಡನೇ ಸಲ ಹೇಳಲಿಲ್ಲ. ನನ್ನ ಕೆಲಸದ್ದ ನನಗ ಚಿಂತಿ ಇತ್ತು.”

ಹಿತ್ತಲಿನ ಆ ಕಪ್ಪು ಹೊಗೆ ಪೂಜಾರ ಕಣ್ಣ ಮುಂದೆ ಬಂತು. ಪಂಚನಾಮೆಯಲ್ಲಿ ತಾವೇ ಬರೆಸಿದ ಒಂದು ಸಾಲು ಕೂಡ. ಅವರು ಒಳಗೆ ಹೋಗಿ ಕಾರ್ಖಾನೆ ಇಲಾಖೆಗೆ ಒಂದು ವರದಿ ಬರೆದರು. ಪುಡಿ ಕೋಣೆಗೂ ಹಿತ್ತಲಿನ ಕೆಲಸಕ್ಕೂ ಯಾರನ್ನೂ ಬಿಡದಂತೆ ಗುರುಸಂಗಪ್ಪನಿಗೆ ನೋಟಿಸು ಕೊಡಿಸಿದರು. ಮುತ್ತಣ್ಣನನ್ನು ಬಾಷಾಸಾಬರ ಜೊತೆ ಗದಗಿಗೆ ಕಳಿಸುವ ವ್ಯವಸ್ಥೆ ಮಾಡಿದರು. ಈ ಸಲ ಡಾಕ್ಟರಿಗೆ ಕೆಲಸ ಯಾವುದೆಂದು ಬಾಷಾಸಾಬರೇ ಹೇಳಬೇಕು ಎಂದು ತಾಕೀತು ಮಾಡಿದರು.

ಐದೂಮುಕ್ಕಾಲಿಗೆ ಹೊನ್ನವ್ವನ ಎದುರು ಕುಳಿತು ದಸ್ತಗಿರಿ ಪತ್ರ ಓದಿ ಹೇಳಿದರು. ಅವಳು ಕೇಳಿದ್ದು ಬೇರೆಯೇ.

“ಆ ಕೂಸಿನ ಮ್ಯಾಲಿನ ಕೇಸ್ ಹೋತಲ್ರಿ?”

“ಹೋತು.”

“ಇನ್ನ ಶೆಡ್ ಬಂದ್ ಆಕ್ಕೈತೇನ್ರಿ?”

“ಪುಡಿ ಕೋಣಿ ಸದ್ಯಕ್ಕ ಬಂದ್ ಮಾಡಿಸೀನಿ.”

“ಹಂಗಾದ್ರ ಅಂವಂಗ ಆರಾಮ ಆಕ್ಕೈತಿ. ಇನ್ನೆರಡ ಸಲ ಹಾಕಿದ್ರ ಪೂರಾ ನಿಂದ್ರತಿತ್ತು ಅಂತ ನಾ ಅಂದ್ಕೊಂಡಿದ್ನಿ.”

ಒಡೆದಷ್ಟೂ ಪುಡಿ ಹೆಚ್ಚು ಹಾರಿತೆಂದು ನಿಲೋಫರ ಹೇಳಿದ್ದು ಪೂಜಾರ ನಾಲಿಗೆಯ ತುದಿಯವರೆಗೆ ಬಂತು. ಹೇಳುವುದು ತನ್ನ ಕರ್ತವ್ಯವೋ, ಹೇಳದಿರುವುದೋ ಎಂದು ಅವರಿಗೆ ತೀರ್ಮಾನವಾಗಲಿಲ್ಲ. ಶಾಯಿಯ ಪ್ಯಾಡನ್ನು ಮುಂದೆ ಸರಿಸಿದರು. ಹೊನ್ನವ್ವ ಹೆಬ್ಬೆರಳು ಚಾಚಿದಳು. ಅದು ಮೊದಲೇ ಕಪ್ಪಗಿತ್ತು.

“ಮುತ್ತಣ್ಣ ಎಲ್ಲಾ ಹೇಳ್ಯಾನಂತಲ್ರಿ,” ಎಂದಳು. “ಕಾಗದದಾಗ ನಾ ಹೇಳೀನಂತ ಬರದೀರೇನು?”

“ಯಾಕ?”

“ನಾ ಹೇಳಿಲ್ಲಂತ ಬರೀರಿ ಯವ್ವಾ. ಆಣಿ ನಾ ಮುರದಿಲ್ಲ. ಅಂವನ ತಲಿ ಮ್ಯಾಲಿನ ಆಣಿ ಅದು.”

ಪೂಜಾ ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡರು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದರು: ‘ಕೃತ್ಯದ ಉದ್ದೇಶವನ್ನು ಆರೋಪಿಯು ಕೊನೆಯವರೆಗೂ ಹೇಳಿರುವುದಿಲ್ಲ. ಆಕೆಯ ಮಗ ಮುತ್ತಣ್ಣ ತಾನಾಗಿಯೇ ಠಾಣೆಗೆ ಹಾಜರಾಗಿ ತಿಳಿಸಿರುತ್ತಾನೆ.’

ಬರೆದದ್ದನ್ನು ಗಟ್ಟಿಯಾಗಿ ಓದಿದರು. ಇನ್ನೊಂದು ಸಲ ಓದಿರಿ ಎಂದಳು ಹೊನ್ನವ್ವ. ಪೂಜಾ ಇನ್ನೊಂದು ಸಲ ಓದಿದರು. ಆಮೇಲೆ ಅವಳು ಹೆಬ್ಬೆರಳು ಒತ್ತಿದಳು.